ಹೆಚ್ಚಿಗೆ ತಿರುವಿದ ನೂರು ಸುತ್ತು

ನಂಬಬೇಡಿ. ಒಂದು ಮಾತನ್ನೂ ನಂಬದೆ ಈ ಅಧ್ಯಾಯದ ಕೊನೆ ಮುಟ್ಟುತ್ತೀರೇನು, ನೋಡೇಬಿಡೋಣ. ನಿಂಬರ್ಗಾದಲ್ಲಿ ನನ್ನ ಮಾತು ನಂಬುವುದಿಲ್ಲ ಎಂದು ಆಣೆ ಹಾಕಿಕೊಂಡವರು ಒಂದು ಕಟ್ಟೆ ತುಂಬ ಇದ್ದಾರೆ. ಸಂಜೆಯಾದರೆ ಅವರೇ ಬಂದು ನನ್ನ ಸುತ್ತ ಕೂತು, ಮುಂದೇನಾಯಿತು ಹೇಳ್ರಿ ಮುತ್ಯಾ ಎಂದು ಕೇಳುತ್ತಾರೆ. ನೀವೂ ಅವರ ಜಾತಿಯವರೇ ಎಂದು ನನಗೆ ಗೊತ್ತು. ಆದರೂ ಒಂದು ಸವಲತ್ತು ಕೊಡುತ್ತೇನೆ. ಇಲ್ಲಿ ನಾನು ಹೇಳುವುದರಲ್ಲಿ ಒಂದೇ ಒಂದು ಸುಳ್ಳಿದೆ. ಎರಡಿಲ್ಲ, ಒಂದೇ. ಅದು ಯಾವುದೆಂದು ಕೊನೆಗೆ ನಾನೇ ಒಪ್ಪಿಕೊಳ್ಳುತ್ತೇನೆ. ಅದಕ್ಕೂ ಮುಂಚೆ ನೀವು ಹಿಡಿದರೆ ನಮ್ಮ ಮನೆಗೆ ಬನ್ನಿ, ನನ್ನ ಕೈಯಾರೆ ಹೆಚ್ಚಿದ ಭಜ್ಜಿ ಉಣ್ಣಿಸಿ ಕಳಿಸುತ್ತೇನೆ. ಹಿಡಿಯಲಾರಿರಿ, ಅದೂ ಗೊತ್ತು.

ಇದನ್ನು ಬರೆಯುತ್ತಿರುವುದು ಅಡುಗೆಮನೆಯಲ್ಲಿ ಕೂತು. ಪಕ್ಕದಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಡಬ್ಬಿ ಇದೆ. ಮುಚ್ಚಳಕ್ಕೊಂದು ದಾರ, ದಾರಕ್ಕೊಂದು ಹಿಡಿಕೆ. ಎಳೆದರೆ ಒಳಗಿನ ಅಲಗು ಗರಗರ ತಿರುಗಿ ಉಳ್ಳಾಗಡ್ಡಿ ಚೂರಾಗುತ್ತದೆ. ನನ್ನ ಸೊಸೆ ತವರಿಗೆ ಹೋದಾಗ ಜೇವರ್ಗಿ ಬಜಾರದಲ್ಲಿ ಕೊಂಡು ತಂದದ್ದು. ಐದು ಸಲ ಎಳೆದರೆ ಸಾಕು ಎಂದು ಅವಳು ಮೊದಲ ದಿನವೇ ಹೇಳಿಕೊಟ್ಟಳು. ನಾನು ಇಪ್ಪತ್ತು ಸಲ ಎಳೆಯುತ್ತೇನೆ. ಮಾವನಿಗೆ ಎಣಿಕೆ ತಪ್ಪುತ್ತದೆ, ವಯಸ್ಸಾಯಿತು ಎಂದು ಅವಳು ನನ್ನ ಮಗನ ಹತ್ತಿರ ಹೇಳುವುದು ನನಗೆ ಕೇಳಿಸಿದೆ. ಕಿವಿ ಚೆನ್ನಾಗಿದೆ. ಎಣಿಕೆಯೂ ಚೆನ್ನಾಗಿದೆ. ಹೆಚ್ಚಿಗೆ ತಿರುವುವ ವಿದ್ಯೆಯನ್ನು ನಾನು ಈ ಊರಲ್ಲಿ, ಇದೇ ನೆಲದ ಮೇಲೆ, ಹತ್ತು ವರ್ಷದವನಿದ್ದಾಗಲೇ ಕಲಿತವನು.

ಆಗ ಈ ಮನೆ ಮಣ್ಣಿನ ಮಾಳಿಗೆಯದು. ಮುಂದೆ ಪಡಸಾಲೆ, ಪಡಸಾಲೆಯ ಒಂದು ಬದಿಗೆ ಎತ್ತು, ಇನ್ನೊಂದು ಬದಿಗೆ ನಾವು. ಯಾರು ಯಾವ ಬದಿಗೆ ಮಲಗಬೇಕೆಂದು ಎತ್ತುಗಳಿಗೆ ಗೊತ್ತಿತ್ತು, ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಒಳಗೆ ಅಡುಗೆಮನೆ. ಅದಕ್ಕೆ ಕಿಟಕಿಯಿಲ್ಲ, ಮಾಳಿಗೆಯಲ್ಲೊಂದು ಗವಾಕ್ಷಿ. ಆ ಗವಾಕ್ಷಿಯಿಂದ ಬಿದ್ದ ಬಿಸಿಲು ಬೆಳಿಗ್ಗೆ ಒಲೆಯ ಹತ್ತಿರ ಇರುತ್ತಿತ್ತು, ಮಧ್ಯಾಹ್ನಕ್ಕೆ ಫರಸಿಯ, ಅಂದರೆ ಕಲ್ಲು ಹಾಸಿದ ನೆಲದ, ನಡುವೆ ಬರುತ್ತಿತ್ತು, ಸಂಜೆಗೆ ಜೋಳದ ಕಣಜವನ್ನು ಹತ್ತಿ ಹೋಗುತ್ತಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಆ ಬಿಸಿಲಿನ ಜೊತೆಗೇ ತನ್ನ ಈಳಿಗೆಯನ್ನು ಎಳೆದುಕೊಂಡು ಸರಿಯುತ್ತಿದ್ದಳು. ಹೊತ್ತು ಎಷ್ಟಾಯಿತೆಂದು ಕೇಳಿದರೆ ಅವ್ವ ಹೊರಗೆ ಹೋಗಿ ಆಕಾಶ ನೋಡುತ್ತಿರಲಿಲ್ಲ, ಅತ್ತೆ ಎಲ್ಲಿ ಕೂತಿದ್ದಾಳೆಂದು ನೋಡುತ್ತಿದ್ದಳು.

ಈಳಿಗೆ ಎಂದರೆ ಈಗಿನ ಮಕ್ಕಳಿಗೆ ಹೇಳಬೇಕು. ಒಂದು ಮಣೆ, ಮಣೆಯ ತುದಿಗೆ ಕೊಕ್ಕರೆಯ ಕುತ್ತಿಗೆಯ ಹಾಗೆ ಎದ್ದು ನಿಂತ ಅಲಗು. ಮಣೆಯ ಮೇಲೆ ಕಾಲೂರಿ ಕೂತು ಕಾಯಿಯನ್ನೇ ಅಲಗಿಗೆ ಒತ್ತಬೇಕು. ಆಯಿಯ ಈಳಿಗೆ ಅವಳ ಮದುವೆಯಲ್ಲಿ ಅವಳ ಜೊತೆಗೇ ಅತನೂರಿನಿಂದ ಬಂದದ್ದು. ಸಾಣೆ ಹಿಡಿದು ಹಿಡಿದು ಅಲಗು ಅರ್ಧವಾಗಿತ್ತು, ಮಣೆಯಲ್ಲಿ ಅವಳ ಹಿಮ್ಮಡಿಯ ಗುರುತು ಬಿದ್ದಿತ್ತು. ಖಂಡೇನವಮಿಯ ದಿನ ಅಪ್ಪನ ಕುಡುಗೋಲು, ನೇಗಿಲ ಕುಳ, ಕಂಡಕ್ಟರ್ ಕಾಕಾನ ಟಿಕೆಟ್ ತೂತು ಮಾಡುವ ಇಕ್ಕಳ ಎಲ್ಲದಕ್ಕೂ ವಿಭೂತಿ ಬಳಿದು ಪೂಜೆ ಮಾಡುವಾಗ ನಡುವಿನ ಜಾಗ ಈಳಿಗೆಯದೇ. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವ್ವ ಈ ಮನೆಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾದರೂ ಒಂದು ಸವತೆಕಾಯಿ ಹೆಚ್ಚಿರಲಿಲ್ಲ.

ನನ್ನ ಕೆಲಸ ಆಯಿಯ ಎದುರು ಕೂತು ಒಂದೊಂದೇ ಕಾಯಿಯನ್ನು ಅವಳ ಕೈಗೆ ಕೊಡುವುದು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ಬಂದಿದೆ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಹೇಳದಿದ್ದರೆ ಏನಾಯಿತು, ಪರೀಕ್ಷೆ ಮಾಡುವುದಕ್ಕೆ ನಾನಿರಲಿಲ್ಲವೇ? ಒಂದು ದಿನ ಬದನೆಕಾಯಿ ಕೊಡುತ್ತಾ ಕೊಡುತ್ತಾ ನಡುವೆ ನನ್ನ ಬುಗುರಿಯನ್ನು ಕೊಟ್ಟೆ. ನೇರಳೆ ಬಣ್ಣದ್ದು, ಹೊಸದು. ಅವಳು ಅದನ್ನು ಅಂಗೈಯಲ್ಲಿ ಒಂದು ಸಲ ತೂಗಿದಳು. ಮುಖ ಎತ್ತಲಿಲ್ಲ.

"ಯಾವ ಹೊಲದ್ದಲೇ ಈ ಬದನಿಕಾಯಿ? ತೊಟ್ಟಿನಾಗ ಮೊಳಿ ಅದಲ್ಲ."

ಬುಗುರಿ ಅವಳ ಸೆರಗಿನಲ್ಲಿ ಮಾಯವಾಯಿತು. ಊಟಕ್ಕೆ ಕೂತಾಗ ಎಲ್ಲರ ತಾಟಿಗೂ ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ನನ್ನ ತಾಟಿನಲ್ಲಿ ರೊಟ್ಟಿಯ ಪಕ್ಕ ಬುಗುರಿ ಕೂತಿತ್ತು. ಅದರ ಮೇಲೆ ಶೇಂಗಾ ಪುಡಿ, ಖಾರ, ಎಣ್ಣೆ, ಮೇಲಿಷ್ಟು ಕೊತ್ತಂಬರಿ. ಅಪ್ಪನ ನಗುವಿಗೆ ಎತ್ತುಗಳು ಎದ್ದು ನಿಂತವು.

"ನಿನ್ನ ಬದನಿಕಾಯಿ ಒಂದ ಬೇಯಲಿಲ್ಲಪ್ಪ. ಇವತ್ತ ಚೀಪು, ನಾಳಿಗಿ ಮತ್ತ ಒಲಿಮ್ಯಾಲ ಇಡ್ತೇನಿ," ಎಂದಳು ಆಯಿ.

ನಾನು ನಿಂಬರ್ಗಾದ ಮೊದಲ ನಂಬರಿನ ಕಿಲಾಡಿ ಎಂದು ಊರೇ ಹೇಳುತ್ತಿತ್ತು, ಈಗಲೂ ಹೇಳುತ್ತದೆ. ಆದರೆ ಆ ಮನೆಯಲ್ಲಿ ನಾನು ಎರಡನೇ ನಂಬರು ಎಂದು ಆ ದಿನ ಸಣ್ಣ ಅನುಮಾನ ಬಂತು. ಅದನ್ನು ಬುಗುರಿಯ ಖಾರದ ಜೊತೆ ತೊಳೆದುಬಿಟ್ಟೆ. ಯಾಕೆಂದರೆ ನಾನು ಅವಳ ಮುದ್ದಿನ ಮೊಮ್ಮಗ. ಅದಕ್ಕೆ ಪುರಾವೆಯೂ ಇತ್ತು. ಪಲ್ಯದಲ್ಲಿ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಹೋಳು ಬಂದರೆ, ಬದನೆಕಾಯಿಯ ಸೀಳು ಬಂದರೆ, ಅವಳು ಅವನ್ನೆಲ್ಲ ತನ್ನ ತಾಟಿನ ಅಂಚಿಗೆ ಸರಿಸಿ, ಯಾರೂ ನೋಡದಾಗ ನನ್ನ ತಾಟಿಗೆ ದಾಟಿಸುತ್ತಿದ್ದಳು. ತಾನು ಬರೀ ರಸದಲ್ಲಿ ರೊಟ್ಟಿ ನೆನೆಸಿ ಉಣ್ಣುತ್ತಿದ್ದಳು. ಉಳಿದ ಮೊಮ್ಮಕ್ಕಳ ತಾಟಿಗೆ ಒಂದು ಹೋಳೂ ಹೋಗಿದ್ದು ನಾನು ನೋಡಿಲ್ಲ. ಇದಕ್ಕಿಂತ ದೊಡ್ಡ ಪ್ರೀತಿ ಬೇಕೇ ಎಂದು ನಾನು ಎದೆ ಉಬ್ಬಿಸಿ ತಿರುಗುತ್ತಿದ್ದೆ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಆಯಿ ಎರಡು ಸಲ ಹೆಬ್ಬೆರಳು ಕೊಯ್ದುಕೊಂಡಳು. ಮೊದಲ ಸಲ ಅರಿಶಿನ ಒತ್ತಿ ಯಾರಿಗೂ ಹೇಳದೆ ಕೂತಳು. ಎರಡನೇ ಸಲ ಹೆಚ್ಚಿದ ಉಳ್ಳಾಗಡ್ಡಿಯೇ ಕೆಂಪಾಗಿತ್ತು. ಅವ್ವ ಅದನ್ನು ಎಮ್ಮೆಗೆ ಹಾಕಿ, ಹೊರಗೆ ಬಂದು ಅಪ್ಪನ ಮುಂದೆ ಕಣ್ಣು ಒರೆಸಿಕೊಂಡಳು. ಅಪ್ಪನಿಗೆ ತಾಯಿಯ ಎದುರು ಮಾತಾಡುವ ಧೈರ್ಯವಿರಲಿಲ್ಲ. ಇದ್ದದ್ದು ಕಾಕಾನಿಗೆ. ಕಾಕಾ ಎಂದರೆ ಅಪ್ಪನ ತಮ್ಮ, ಅಫಜಲಪುರದಲ್ಲಿ ಬಸ್ಸಿನ ಕಂಡಕ್ಟರು. ಬಸ್ಸಿನಲ್ಲಿ ನೂರು ಮಂದಿಯನ್ನು ಮುಂದೆ ಸರಿಸುವವನಿಗೆ ಮನೆಯಲ್ಲಿ ಒಬ್ಬ ಮುದುಕಿಯನ್ನು ಸರಿಸುವುದು ಏನು ಮಹಾ ಎಂದು ಅವನ ಲೆಕ್ಕಾಚಾರ.

ಒಂದು ರಜೆಯ ದಿನ ಅವನು ಅಫಜಲಪುರದ ಸಂತೆಯಿಂದ ಒಂದು ಪೊಟ್ಟಣ ಹಿಡಿದುಕೊಂಡು ಬಂದ. ಬಿಚ್ಚಿದರೆ ತಗಡಿನ ಡಬ್ಬಿ. ಒಳಗೆ ನಡುಗಂಬಕ್ಕೆ ಮೂರು ಅಲಗು, ಮುಚ್ಚಳದ ಮೇಲೆ ತಿರುವುವ ಹಿಡಿಕೆ. ಸೊಲ್ಲಾಪುರ ಕಡೆಯ ಒಬ್ಬ ಮಾರಾಟಗಾರ ಸಂತೆಯಲ್ಲಿ ಇದರಿಂದ ಒಂದು ಬುಟ್ಟಿ ಉಳ್ಳಾಗಡ್ಡಿಯನ್ನು ಹಾಡು ಹೇಳುತ್ತಾ ಹೆಚ್ಚಿ ತೋರಿಸಿದನಂತೆ, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲವಂತೆ. ಕಾಕಾ ಫರಸಿಯ ನಡುವೆ ಕೂತು ಆ ಮಾರಾಟಗಾರನ ದನಿಯಲ್ಲೇ ಭಾಷಣ ಮಾಡಿ, ಡಬ್ಬಿಗೆ ಒಂದು ಇಡೀ ಉಳ್ಳಾಗಡ್ಡಿ ಹಾಕಿ ಹಿಡಿಕೆ ತಿರುವಿದ. ಹಿಡಿಕೆ ತಿರುಗಲಿಲ್ಲ, ಡಬ್ಬಿಯೇ ತಿರುಗಿತು. ಬಲಗೈಯಿಂದ ಡಬ್ಬಿ ಹಿಡಿದು ಎಡಗೈಯಿಂದ ತಿರುವಿದ, ಮುಚ್ಚಳ ಹಾರಿತು. ಉಳ್ಳಾಗಡ್ಡಿ ಉರುಳುತ್ತಾ ಪಡಸಾಲೆಗೆ ಹೋಗಿ ಎತ್ತಿನ ಬಾಯಿಗೆ ಬಿತ್ತು. ಆಮೇಲೆ ಉಳ್ಳಾಗಡ್ಡಿಯನ್ನು ನಾಲ್ಕು ಹೋಳು ಮಾಡಿ ಹಾಕಬೇಕೆಂದು ನೆನಪಾಯಿತು, ಡಬ್ಬಿಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿಯಬೇಕೆಂದೂ ಗೊತ್ತಾಯಿತು. ಆಗ ಅದು ನಿಜಕ್ಕೂ ಹೆಚ್ಚಿತು. ಆಯಿ ಬಿಸಿಲಿನಲ್ಲಿ ಕೂತು ಎಲ್ಲವನ್ನೂ ಕಿವಿಯಿಂದಲೇ ನೋಡುತ್ತಿದ್ದಳು.

"ಅದಕೂ ಕಾಲ ಬೇಕೇನೋ? ನನ್ನ ಈಳಿಗಿಗೂ ಕಾಲೇ ಬೇಕು. ಮತ್ತ ಹೊಸಾದೇನು ತಂದಿ?"

"ಬೆರಳ ಉಳಿತಾವಬೇ ಯವ್ವಾ," ಎಂದ ಕಾಕಾ. "ಸಾಕಿನ್ನ. ಇಷ್ಟ ವರ್ಷ ಹೆಚ್ಚಿದಿ. ಕುಂತ ಉಣ್ಣು."

"ಕುಂತ ಉಣ್ಣಾಕ ನಾ ಈ ಮನಿಗಿ ಬೀಗತಿ ಆಗಿ ಬಂದೇನೇನು?"

ಆ ಮಾತು ಜೋರಾಗಿ ಬರಲಿಲ್ಲ. ಜೋರಾಗಿ ಬಂದಿದ್ದರೆ ಕಾಕಾ ತಿರುಗಿ ಏನಾದರೂ ಹೇಳುತ್ತಿದ್ದ. ಬೀಗರು ಬಂದರೆ ಚಾಪೆ ಹಾಸಿ ಕೂರಿಸಿ ಉಣ್ಣಿಸಿ ಕಳಿಸುತ್ತೇವೆ, ಅಡುಗೆಮನೆಗೆ ಬಿಡುವುದಿಲ್ಲ. ಐವತ್ತು ವರ್ಷ ಆ ಬಿಸಿಲಿನ ಚೌಕದಲ್ಲಿ ಕೂತವಳನ್ನು ಪಡಸಾಲೆಯ ಚಾಪೆಗೆ ಕಳಿಸುವ ಮಾತು ಅದು ಎಂದು ನನಗೂ ತಿಳಿಯಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಯಿಯೇ ಪಂದ್ಯ ಕಟ್ಟಿದಳು. ಎಳ್ಳಮಾಸಿಗೆ ಎರಡು ಗಡಿಗೆ ಭಜ್ಜಿ ಆಗಲಿ. ಒಂದಕ್ಕೆ ನನ್ನ ಈಳಿಗೆ, ಒಂದಕ್ಕೆ ನಿನ್ನ ಮಷೀನು. ಹೊಲದಲ್ಲಿ ಯಾವ ಗಡಿಗೆಯ ತಳ ಮೊದಲು ಕಾಣುತ್ತದೋ ಅದಕ್ಕೆ ಹೆಚ್ಚಿದ್ದು ಕೆಳಗೆ ಇರಲಿ, ಸೋತದ್ದು ಅಟ್ಟ ಹತ್ತಲಿ. ಕಾಕಾ ಒಪ್ಪಿದ. ಸಂತೆಯಲ್ಲಿ ಆ ಹಾಡು ಕೇಳಿದವನಲ್ಲವೇ.

ಎಳ್ಳು ಅಮಾವಾಸ್ಯೆಯನ್ನು ನಾವು ಎಳ್ಳಮಾಸಿ ಎನ್ನುತ್ತೇವೆ. ತೊಗರಿ ಬಲಿತು ಜೋಳದ ತೆನೆ ಹಾಲುಗಾಳು ತುಂಬಿ ತೂಗುವ ಹೊತ್ತಿನಲ್ಲಿ ಬರುತ್ತದೆ. ಆ ದಿನ ಇಡೀ ಮನೆ ಚಕ್ಕಡಿ ಹತ್ತಿ ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣ್ಣಿಸಿ ತಾನು ಉಣ್ಣುತ್ತದೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಎಲ್ಲ ಇದ್ದರೂ ಆ ಹಬ್ಬದ ಯಜಮಾನ ಭಜ್ಜಿಯೇ. ನೀವು ಎಣ್ಣೆಯಲ್ಲಿ ಕರಿಯುವ ಬಜಿ ಅಲ್ಲ. ಆ ಕಾಲದಲ್ಲಿ ಹೊಲದಲ್ಲಿ, ತೋಟದಲ್ಲಿ, ಬೇಲಿಯಲ್ಲಿ ಏನೇನು ಹಸಿರಾಗಿ ಸಿಗುತ್ತದೋ ಅಷ್ಟನ್ನೂ ಹಾಕಿ, ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ಕಲಸಿ ಕುದಿಸಿದ ಪಲ್ಯ. ಮೆಂತೆ, ಪುಂಡಿ ಸೊಪ್ಪು, ಬದನೆ, ಗಜ್ಜರಿ, ಅವರೆ, ಹಸಿ ತೊಗರಿ, ಹಸಿ ಕಡಲೆ, ಕೊನೆಗೆ ನಾಲ್ಕು ಬೋರೆಹಣ್ಣು ಕೂಡ. ಅದರ ಗುಟ್ಟೆಲ್ಲ ಹೆಚ್ಚುವುದರಲ್ಲಿದೆ. ಗಜ್ಜರಿ ಗಾಲಿಯಾಗಬೇಕು, ಬದನೆ ಸೀಳಾಗಬೇಕು, ಮೆಂತೆ ಬೆರಳಗಲ ಉಳಿಯಬೇಕು. ಇಲ್ಲದಿದ್ದರೆ ಗಟ್ಟಿಯದು ಬೇಯುವಷ್ಟರಲ್ಲಿ ಮೆತ್ತಗಿನದು ಕರಗಿ ಹೋಗುತ್ತದೆ. ಇನ್ನೊಂದು ಕಟ್ಟುಪಾಡು ಇದೆ, ಅದನ್ನು ನೆನಪಿಡಿ. ಭೂಮಿತಾಯಿಗೆ ಚರಗ ಚೆಲ್ಲುವ ತನಕ, ಅಂದರೆ ಹೊಲದ ಸುತ್ತ ಆ ಅಡುಗೆಯನ್ನು ಎರಚಿ ಬರುವ ತನಕ, ಮನೆಯ ಯಾರೂ ಅದನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ನೋಡುವಂತಿಲ್ಲ, ಹೆಚ್ಚುವಾಗ ಒಂದು ಗಜ್ಜರಿ ಚೂರು ಬಾಯಿಗೆ ಹಾಕುವಂತಿಲ್ಲ. ಹಾಗಾಗಿ ಗಡಿಗೆಯಲ್ಲಿ ಏನು ಕೆಟ್ಟಿದೆ ಎಂದು ಗೊತ್ತಾಗುವುದು ಹೊಲದಲ್ಲಿ, ಎಲ್ಲ ನೆಂಟರ ನಡುವೆ ಮಾತ್ರ.

ಹಿಂದಿನ ದಿನ ಮಧ್ಯಾಹ್ನ ಹೆಚ್ಚುವುದು ಶುರುವಾಯಿತು. ಕಾಕಾನಿಗೆ ಹಬ್ಬದ ದಿನ ಮಾತ್ರ ರಜೆ, ಅವನಿನ್ನೂ ಬಂದಿರಲಿಲ್ಲ. ಅವ್ವ ಒಲೆಯ ಕಡೆ ಮುಖ ಮಾಡಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು, ನಮಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ. ಮಷೀನು ತಿರುವುವ ಕೆಲಸ ನನಗೆ ಬಂತು. ಫರಸಿಯ ನಡುವಿನ ಬಿಸಿಲಿನಲ್ಲಿ ಆಯಿ ಈಳಿಗೆಯ ಮೇಲೆ, ಅವಳೆದುರು ನಾನು, ಪಾದಗಳ ನಡುವೆ ಡಬ್ಬಿ. ಕಾಯಿಪಲ್ಲೆಯನ್ನು ಅವ್ವ ಮೊದಲೇ ಎರಡು ಬುಟ್ಟಿಗೆ ಸಮ ಮಾಡಿಟ್ಟಿದ್ದಳು. ಆಯಿಯ ಕಡೆಯಿಂದ ಕಚಕ್ ಕಚಕ್ ಎಂದು ಒಂದೇ ತಾಳ. ಗಜ್ಜರಿಯ ಗಾಲಿಗಳು ಒಂದರ ಮೇಲೊಂದು ಬಿದ್ದು ಉರುಳುತ್ತಿದ್ದವು, ಒಂದೂ ದಪ್ಪವಿಲ್ಲ, ಒಂದೂ ತೆಳ್ಳಗಿಲ್ಲ. ಹೆಬ್ಬೆರಳಿಗೆ ಸುತ್ತಿದ ಬಟ್ಟೆಯೂ ಅದೇ ತಾಳಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು.

ಆಗ ನನ್ನ ತಲೆಗೆ ಆ ಬುದ್ಧಿ ಬಂತು. ಇಡೀ ಆಳಂದ ತಾಲೂಕಿನಲ್ಲಿ ಅಂಥ ಬುದ್ಧಿ ಇನ್ನೊಂದು ತಲೆಗೆ ಬರುತ್ತಿರಲಿಲ್ಲ ಎಂದು ಜಂಬದಿಂದಲೇ ಹೇಳುತ್ತೇನೆ. ಕಾಕಾ ಹೇಳಿದ್ದು ಹತ್ತು ಸುತ್ತು. ಹತ್ತು ಸುತ್ತಿಗೆ ಗಜ್ಜರಿ ಚೂರು ಚೂರಾಗುತ್ತದೆ, ಅಷ್ಟೊಂದು ಕೆಟ್ಟದಾಗೇನೂ ಇರುವುದಿಲ್ಲ. ಇನ್ನೂ ನೂರು ಸುತ್ತು ಕೊಟ್ಟರೆ? ಗಜ್ಜರಿ, ಬದನೆ, ಸೊಪ್ಪು ಎಲ್ಲ ಅರೆದ ಹಾಗಾಗುತ್ತದೆ. ಹೊಲದಲ್ಲಿ ಜನ ಅದನ್ನು ನೋಡಿಯೇ ಮೂಗು ಮುರಿಯುತ್ತಾರೆ, ಮಷೀನು ಅಟ್ಟ ಹತ್ತುತ್ತದೆ, ಆಯಿ ಬಿಸಿಲಿನಲ್ಲೇ ಉಳಿಯುತ್ತಾಳೆ. ರುಚಿ ನೋಡುವಂತಿಲ್ಲವಾದ್ದರಿಂದ ಅವ್ವನಿಗೂ ಗೊತ್ತಾಗುವುದಿಲ್ಲ. ತಿರುವಿದೆ. ಪ್ರತಿ ಡಬ್ಬಿಗೂ ನೂರು ಸುತ್ತು ಹೆಚ್ಚಿಗೆ, ಒಂದೊಂದನ್ನೂ ಎಣಿಸಿ. ತೋಳು ಊದಿ ಆಯಿಯ ಎಣ್ಣೆಗಾಯಿಯ ಹಾಗಾಯಿತು. ಹೆಚ್ಚಿದ್ದರ ಮೇಲೆ ಮೆಂತೆ ಎಲೆ ಮುಚ್ಚಿ ಬುಟ್ಟಿಯನ್ನು ಅವ್ವನ ಹತ್ತಿರ ಸರಿಸಿದೆ.

ಮರುದಿನ ಬೆಳಿಗ್ಗೆ ಅವ್ವ ಎರಡು ಒಲೆಯ ಮೇಲೆ ಎರಡು ಗಡಿಗೆ ಇಟ್ಟಳು. ನನ್ನ ಬುಟ್ಟಿಯ ಮೆಂತೆ ಎಲೆ ಸರಿಸಿ ಒಳಗೆ ನೋಡಿದವಳು ನನ್ನನ್ನು ನೋಡಿದಳು. ನಾನು ಮಾಳಿಗೆಯ ಜಂತಿ ಎಣಿಸುತ್ತಿದ್ದೆ. ಮಷೀನೇ ಹೀಗೆ ಇರಬೇಕು ಎಂದುಕೊಂಡು ಗಡಿಗೆಗೆ ಸುರಿದಳು. ಎರಡಕ್ಕೂ ಒಂದೇ ಮಸಾಲೆ, ಒಂದೇ ಹುಳಿ. ಕಾಕಾ ಮೊದಲ ಬಸ್ಸಿಗೆ ಬಂದು ತನ್ನ ಗಡಿಗೆಯ ಕುತ್ತಿಗೆಗೆ ಹೂವಿನ ಸರ ಕಟ್ಟಿದ. ಚಕ್ಕಡಿಯಲ್ಲಿ ಗಡಿಗೆಗಳನ್ನು ಹುಲ್ಲಿನಲ್ಲಿ ಕೂರಿಸಿ, ನಡುವೆ ಆಯಿಯನ್ನು ಕೂರಿಸಿ ಹೊಲಕ್ಕೆ ಹೋದೆವು. ಅತನೂರಿನಿಂದ ಆಯಿಯ ಅಣ್ಣ ಬಂದಿದ್ದ, ದೊಡ್ಡ ಮುತ್ಯಾ ಎನ್ನುತ್ತಿದ್ದೆವು. ಪ್ರತಿ ಎಳ್ಳಮಾಸಿಗೂ ತನ್ನ ವಾರಿಗೆಯ ಇನ್ನಿಬ್ಬರು ಮುದುಕರನ್ನು ಕರೆದುಕೊಂಡು ಬರುತ್ತಿದ್ದ. ಮೂವರ ಬಾಯಲ್ಲಿ ಕೂಡಿಸಿದರೆ ಒಂದು ಹಲ್ಲು. ಅದು ಯಾರದು ಎಂಬ ವಿಷಯದಲ್ಲಿ ಅವರಲ್ಲೇ ಒಮ್ಮತವಿರಲಿಲ್ಲ.

ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದ್ದಾಯಿತು. ಅಪ್ಪ ಚರಗ ಚೆಲ್ಲುತ್ತಾ ಹೊಲ ಸುತ್ತಿ ಬಂದ. ಎರಡೂ ಗಡಿಗೆಯಿಂದ ಸಮ ತೆಗೆದುಕೊಳ್ಳಬೇಕು, ಭೂಮಿತಾಯಿಯೂ ನೋಡಲಿ ಎಂದು ಆಯಿ ಹಟ ಹಿಡಿದಿದ್ದಳು. ಆಮೇಲೆ ಎಲ್ಲರೂ ಬನ್ನಿ ಗಿಡದ ನೆರಳಲ್ಲಿ ಸಾಲಾಗಿ ಕೂತೆವು. ಅವ್ವ ಕಾಕಾನ ಗಡಿಗೆಯ ಮುಚ್ಚಳ ತೆಗೆದಳು. ಎಮ್ಮೆಗೆ ಕಲಸಿದ ಮುಸುರೆ ನೀವು ನೋಡಿರುತ್ತೀರಿ, ಹಾಗಿತ್ತು. ಎಲ್ಲರ ತಾಟೂ ಆಯಿಯ ಗಡಿಗೆಯ ಕಡೆ ತಿರುಗಿದವು. ಗಾಲಿಗಾಲಿ ಗಜ್ಜರಿ, ಸೀಳುಸೀಳು ಬದನೆ, ಹಲ್ಲಿಗೆ ಸಿಕ್ಕು ಪಟ್ಟೆನ್ನುವ ಹಸಿ ಕಡಲೆ. ಕಾಕಾ ಒಬ್ಬನೇ ತನ್ನ ಗಡಿಗೆಯಿಂದ ಹಾಕಿಸಿಕೊಂಡು, ಬಸ್ಸು ಕೆಟ್ಟು ನಿಂತಾಗಿನ ಮುಖ ಮಾಡಿಕೊಂಡು ಉಣ್ಣುತ್ತಿದ್ದ. ನಾನು ಒಳಗೊಳಗೇ ಖುಷಿಪಟ್ಟು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಆಗ ದೊಡ್ಡ ಮುತ್ಯಾ ತಮಾಷೆಗೆಂದು ತಾಟು ಚಾಚಿ, ಆ ಮುಸುರೆಯನ್ನು ನನಗಿಷ್ಟು ಹಾಕಿ, ನಾನೂ ಒಂದು ಮುದಿ ಎಮ್ಮೆಯೇ ಎಂದ. ಎಲ್ಲರೂ ನಕ್ಕರು. ಒಂದು ತುತ್ತು ಬಾಯಿಗಿಟ್ಟ. ಇನ್ನೊಂದು ಇಟ್ಟ. ನಗುವವರು ನಗುತ್ತಲೇ ಇದ್ದರು, ಅವನು ಮಾತ್ರ ನಗುವುದನ್ನು ನಿಲ್ಲಿಸಿದ.

"ಯವ್ವಾ, ಇದರಾಗ ಗಜ್ಜರಿ ಅದ," ಎಂದ ಅವ್ವನಿಗೆ. ಆಮೇಲೆ ಪಕ್ಕದ ಮುದುಕನ ಮೊಣಕೈ ತಿವಿದ. "ಲೇ, ಗಜ್ಜರಿ ಅದ ಇದರಾಗ. ತಿನ್ನಾಕ ಬರ್ತದ."

ಮೂವರ ತಾಟೂ ಒಟ್ಟಿಗೆ ಮುಂದೆ ಬಂದವು. ಅವರು ಉಂಡ ರೀತಿಯನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಷ್ಟು ಎಳ್ಳಮಾಸಿಗಳಿಂದ ಅವರು ಬರೀ ಅಂಬಲಿ ಕುಡಿದು, ಭಜ್ಜಿಯ ರಸಕ್ಕೆ ರೊಟ್ಟಿ ನೆನೆಸಿ, ಹಬ್ಬ ಬಹಳ ಚೆನ್ನಾಯಿತು ಎಂದು ಹೇಳಿ ಹೋಗುತ್ತಿದ್ದರೋ. ಸಾಲಿನ ಆಚೆ ತುದಿಯಿಂದ ಇನ್ನೊಬ್ಬ ಮುದುಕಿಯ ತಾಟು ಬಂತು. ಅದರ ಹಿಂದೆ ಒಂದು ಕೂಸಿನ ಬಟ್ಟಲು ಬಂತು. ಗಡಿಗೆಯ ಹೊಟ್ಟೆ ಕಂಡಿತು. ಕಾಕಾ ಮಂಡಿಗೆ ಕೈಯೂರಿ ಎದ್ದು ನಿಂತು ಎರಡೂ ಗಡಿಗೆಗಳೊಳಗೆ ಇಣುಕಿ ಇಣುಕಿ ನೋಡತೊಡಗಿದ. ಆಗ ನನ್ನ ಪಕ್ಕದಿಂದ ಆಯಿಯ ಕೈ ನಿಧಾನವಾಗಿ ಅವ್ವನ ಕಡೆ ಚಾಚಿತು.

"ನನಗೂ ಒಂದೀಟು ಹಾಕು. ಅದರಾಗಿಂದ."

ಆಯಿ ಉಂಡಳು. ನಾನು ರೂಢಿಯಂತೆ ನನ್ನ ತಾಟನ್ನು ಅವಳ ತಾಟಿಗೆ ಅಂಟಿಸಿ ಕೂತಿದ್ದೆ, ಗಜ್ಜರಿ ದಾಟಿ ಬರಲಿ ಎಂದು. ಒಂದು ಚೂರೂ ಬರಲಿಲ್ಲ. ತಾಟನ್ನು ರೊಟ್ಟಿಯಿಂದ ಒರೆಸಿ ಒರೆಸಿ ಉಂಡಳು, ದವಡೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು, ಒಳಗೆ ಹಲ್ಲಿರಲಿಲ್ಲ. ಅಲ್ಲಿಯವರೆಗೆ ಅವಳ ಬಾಯನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಮುದ್ದಿನ ಮೊಮ್ಮಗ ಎಂದು ಊರೆಲ್ಲ ಮೆರೆದವನಿಗೆ ಗಜ್ಜರಿಯ ಹೋಳುಗಳು ಯಾಕೆ ದಾಟಿ ಬರುತ್ತಿದ್ದವೆಂದು ಆಗ ತಿಳಿಯಿತು. ಎಷ್ಟೋ ವರ್ಷ ಗಾಲಿ ಗಾಲಿ ಹೆಚ್ಚಿ ಎಲ್ಲರಿಗೂ ಉಣ್ಣಿಸಿದವಳು ತಾನು ಹೆಚ್ಚಿದ್ದನ್ನು ತಾನೇ ತಿನ್ನಲಾರದೆ ಹೋಗಿದ್ದಳು. ಹೇಳಿರಲಿಲ್ಲ, ಅಷ್ಟೇ. ಹೇಳಿದರೆ ಈಳಿಗೆಯ ಮಾತು ಬರುತ್ತಿತ್ತು.

ಅಷ್ಟರಲ್ಲಿ ದೊಡ್ಡ ಮುತ್ಯಾ ಕಾಕಾನ ಗಡಿಗೆಯ ತಳವನ್ನು ಬೆರಳಿನಿಂದ ಬಳಿದು, ಅದನ್ನು ಬೋರಲು ಹಾಕಿ ತೋರಿಸಿದ. ಆಯಿಯ ಗಡಿಗೆಯಲ್ಲಿ ಇನ್ನೂ ನಾಲ್ಕು ಸೌಟು ಉಳಿದಿತ್ತು. ಆಯಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು.

"ಮಷೀನ್ ಗೆದ್ದದ. ಮನಿಗಿ ಹೋದಕೂಡ್ಲೆ ಈಳಿಗಿ ಅಟ್ಟಕ್ಕ ಹಾಕ್ರಿ. ಆಡಿದ ಮಾತ ಆಡಿದಂಗ."

ಹಾಗೆ ಹೇಳುವಾಗ ಅವಳ ಮುಖ ಕಾಕಾನ ಕಡೆ ಇರಲಿಲ್ಲ, ನಾನು ಕೂತ ಕಡೆ ಇತ್ತು. ಕಣ್ಣು ಮಂಜಲ್ಲವೇ, ದಿಕ್ಕು ತಪ್ಪಿರಬೇಕು ಎಂದುಕೊಂಡೆ. ಅವಳನ್ನು ಬಿಸಿಲಿನಿಂದ ಎಬ್ಬಿಸಬಾರದೆಂದು ಮಾಡಿದ ಕಿತಾಪತಿಯೇ ಅವಳನ್ನು ಎಬ್ಬಿಸುತ್ತಿತ್ತು. ಎದ್ದು ನಿಂತೆ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿಯೇ ಹೇಳಿದೆ.

"ಮಷೀನ್ ಗೆದ್ದಿಲ್ಲ. ಕಾಕಾ ಹತ್ತ ಸುತ್ತ ಅಂದಿದ್ದ. ನಾ ನೂರಾ ಹತ್ತ ತಿರುವೇನಿ. ಬೇಕಂತ."

ಕಾಕಾ ನನ್ನ ಕಡೆ ಎರಡು ಹೆಜ್ಜೆ ಬಂದ. ಅವನ ಕೈ ಏಳುವ ಮುಂಚೆ ಆಯಿಯ ಕೈ ನನ್ನ ಕಿವಿ ಹಿಡಿದಿತ್ತು. ಕಣ್ಣು ಕಾಣದವಳ ಕೈಗೆ ಕಿವಿ ಮೊದಲ ಸಲಕ್ಕೇ ಹೇಗೆ ಸಿಕ್ಕಿತೋ. ಜೋರಾಗಿ ಹಿಂಡಿದಳು, ಹಿಂಡಿ ಬಿಡಲೂ ಇಲ್ಲ. ಕಿವಿ ಹಿಡಿದೇ ತೀರ್ಪು ಹೇಳಿದಳು. ಆಟದಲ್ಲಿ ಮೋಸವಾಗಿದೆ, ಆಟ ಕೆಟ್ಟಿತು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಎರಡೂ ಕೆಳಗೇ ಇರಲಿ. ಮೋಸ ಮಾಡಿದ ಮಂಗ್ಯಾನಿಗೆ ಶಿಕ್ಷೆ ಬೇಕಲ್ಲ, ಇನ್ನು ಮೇಲೆ ದಿನಾ ಮಷೀನು ತಿರುವುವುದು ಅವನೇ. ಗಟ್ಟಿಯದು, ಜಾರುವುದು, ಬೆರಳು ಕೊಯ್ಯುವಂಥದ್ದೆಲ್ಲ ಅವನ ಡಬ್ಬಿಗೆ. ಸೊಪ್ಪು, ಸದೆ, ಮೆತ್ತಗಿನದೆಲ್ಲ ನನ್ನ ಈಳಿಗೆಗೆ. ಬೆರಳು ಉಳಿಯಬೇಕೆಂಬುದೇ ತಾನೇ ಕಾಕಾನಿಗೂ ಬೇಕಾಗಿದ್ದದ್ದು, ಒಪ್ಪಿಕೊಂಡ. ದೊಡ್ಡ ಮುತ್ಯಾ ಮಾತ್ರ ಮುಂದಿನ ವರ್ಷ ನೂರಾ ಹತ್ತು ಸುತ್ತಿಗೆ ಒಂದೂ ಕಡಿಮೆಯಾಗಬಾರದು ಎಂದು ನನ್ನಿಂದ ಕೊಂಪೆಯ ಐದು ಕಲ್ಲಿನ ಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡ.

ಹಾಗಾಗಿ ನಾನು ಬೆಳೆದದ್ದು ಆ ಬಿಸಿಲಿನ ಚೌಕದಲ್ಲಿ. ಶಾಲೆಯಿಂದ ಬಂದು ಚೀಲ ಎಸೆದು ಡಬ್ಬಿಯನ್ನು ಪಾದಗಳ ನಡುವೆ ಹಿಡಿದು ಕೂರುತ್ತಿದ್ದೆ. ಎದುರು ಆಯಿ. ಅವಳು ಕೊಯ್ಯುವ ತಾಳಕ್ಕೆ ನಾನು ತಿರುವುತ್ತಿದ್ದೆ, ನಾನು ತಿರುವುವ ತಾಳಕ್ಕೆ ಅವಳು ಕಥೆ ಹೇಳುತ್ತಿದ್ದಳು. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂದು ಕೇಳಿದರೆ, ತಿರುವು, ತಿರುವು ಎನ್ನುತ್ತಿದ್ದಳು. ಊರಿನವರು ನನ್ನ ಸುತ್ತ ಕೂತು ಮುಂದೇನಾಯಿತು ಎಂದು ಕೇಳುತ್ತಾರಲ್ಲ, ಆ ಕಸುಬು ಅಲ್ಲಿ ಹತ್ತಿದ್ದು. ಮುಂದಿನ ಖಂಡೇನವಮಿಯಲ್ಲಿ ಈಳಿಗೆಯ ಪಕ್ಕದಲ್ಲೇ ತಗಡಿನ ಡಬ್ಬಿಗೂ ವಿಭೂತಿ ಬಿತ್ತು. ಜಾಗ ಸ್ವಲ್ಪ ಹಿಂದೆ, ಆದರೆ ಬಿತ್ತು. ಆಯಿ ಕೊನೆಯವರೆಗೂ ಆ ಮನೆಯಲ್ಲಿ ಬೀಗತಿಯಾಗಲಿಲ್ಲ.

ಈಗ ಈ ಹಸಿರು ಡಬ್ಬಿಯ ದಾರವನ್ನು ನಾನು ಐದರ ಬದಲು ಇಪ್ಪತ್ತು ಸಲ ಎಳೆಯುವುದಕ್ಕೆ ಕಾರಣ ನಿಮಗೆ ತಿಳಿದಿರಬೇಕು. ಕಟ್ಟಿಸಿದ ಹಲ್ಲು ಒಂದು ಲೋಟದಲ್ಲಿ ಇದೆ, ಅದನ್ನು ಬೀಗರು ಬಂದಾಗ ಮಾತ್ರ ಹಾಕುತ್ತೇನೆ. ಸೊಸೆಗೆ ಇದನ್ನೆಲ್ಲ ಹೇಳಿಲ್ಲ. ಎಣಿಕೆ ತಪ್ಪುವ ಮುದುಕ ಎಂದುಕೊಂಡಿರಲಿ, ನನ್ನ ಗಜ್ಜರಿ ನನಗೆ ಸಿಕ್ಕರೆ ಸಾಕು.

ಇನ್ನು ಆ ಸುಳ್ಳಿನ ಮಾತು. ನೀವು ಬುಗುರಿಯ ಮೇಲೆ ಅನುಮಾನ ಪಟ್ಟಿರುತ್ತೀರಿ. ಬುಗುರಿ ನಿಜ, ಖಾರವೂ ನಿಜ. ಮೂವರ ನಡುವಿನ ಒಂದು ಹಲ್ಲು ನಿಜ. ಸುಳ್ಳು ಇಷ್ಟೇ: ಆ ಬುದ್ಧಿ ನನ್ನ ತಲೆಗೆ ಬಂತು ಎಂದೆನಲ್ಲ, ಬಂದಿರಲಿಲ್ಲ. ನಾನು ಹತ್ತು ಸುತ್ತು ತಿರುವಿ ಮುಚ್ಚಳ ತೆಗೆಯಲು ಹೋದಾಗ ಈಳಿಗೆಯ ತಾಳ ನಿಂತಿತು. ಆಯಿ ಒಲೆಯ ಕಡೆಗೊಮ್ಮೆ ಕಿವಿಗೊಟ್ಟು, ರೊಟ್ಟಿಯ ಸದ್ದು ನಡೆಯುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ಬಾಗಿದಳು. ಮಷೀನನ್ನು ಸೋಲಿಸುವುದಕ್ಕೆ ಹೇಳುತ್ತಿದ್ದಾಳೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ನನ್ನ ಹಲ್ಲು ಲೋಟಕ್ಕೆ ಬಿದ್ದ ಮೇಲೆ ತಿಳಿಯಿತು, ಅವಳಿಗೆ ಗಜ್ಜರಿಯೂ ಬೇಕಾಗಿತ್ತು, ಬಿಸಿಲಿನ ಚೌಕವೂ ಬೇಕಾಗಿತ್ತು, ನಾನು ಎದ್ದು ಒಪ್ಪಿಕೊಳ್ಳುತ್ತೇನೆಂದು ಗೊತ್ತಿದ್ದೇ ಎರಡನ್ನೂ ಒಂದೇ ಏಟಿಗೆ ತೆಗೆದುಕೊಂಡಳು.

"ಇನ್ನ ನೂರ ತಿರುವು," ಎಂದಳು. "ಯಾರರ ಕೇಳಿದ್ರ 'ನಂದೇ ಬುದ್ಧಿ' ಅನ್ನು."

ಇಷ್ಟು ವರ್ಷ ಹಾಗೆಯೇ ಅನ್ನುತ್ತಾ ಬಂದೆ.